ರಾಜನ ಗೆಳೆಯನ ತಟ್ಟೆ

ಎನೋಕ್ ಬೆಲಮಿಗೆ ತನ್ನ ಹೆಸರಿನ ಹುಚ್ಚು ಹಿಡಿದದ್ದು ಆ ವರ್ಷದ ಸುಗ್ಗಿಯ ಪ್ರಾರ್ಥನೆ ನಡೆದ ಭಾನುವಾರ. ಎಪ್ಪತ್ತು ದಾಟುವವರೆಗೂ ಅದೇ ಹೆಸರು ಹೊತ್ತುಕೊಂಡು ಅವನು ಕಾಲುವೆಯ ಕೆಸರು ತೆಗೆದಿದ್ದ, ಬೇರೆಯವರ ಹೊಲದಲ್ಲಿ ಆಲೂಗಡ್ಡೆ ಅಗೆದಿದ್ದ, ಹಿತ್ತಲಲ್ಲಿ ಹಂದಿ ಸಾಕಿದ್ದ. ಹೆಸರು ಎಲ್ಲಿಂದ ಬಂತು ಎಂದು ಒಂದು ದಿನವೂ ಕೇಳಿಕೊಂಡವನಲ್ಲ. ಆ ಭಾನುವಾರ ಚರ್ಚಿನ ಬಾಗಿಲಲ್ಲಿ, ಊರಾಚೆಯ ದೊಡ್ಡ ಮನೆಯನ್ನು ಹೊಸದಾಗಿ ಕೊಂಡಿದ್ದ ಮೇಜರ್ ಸಾಹೇಬರು ಅವನ ಭುಜ ತಟ್ಟಿದರು. ‘ಬೆಲಮಿಯಾ? ನಾನೂ ಬೆಲಮಿಯೇ ಕಣಯ್ಯ! ಫ್ರೆಂಚ್ ಹೆಸರು ಇದು. ವಿಲಿಯಂ ದೊರೆ ಸಮುದ್ರ ದಾಟಿ ಇಂಗ್ಲೆಂಡ್ ಗೆದ್ದನಲ್ಲ, ಅವನ ಜೊತೆ ಹಡಗಲ್ಲಿ ಬಂದವರು ನಾವು’ ಎಂದು ನಕ್ಕು, ಕಾರು ಹತ್ತಿ ಹೋದರು. ಆಡಿದ್ದು ಅಷ್ಟೇ ಮಾತು.

ಮನೆಗೆ ಬಂದವನು ಟೋಪಿ ಕೂಡ ತೆಗೆಯಲಿಲ್ಲ. ಸೊಸೆ ವಿನ್ನಿ ಮಾಂಸ, ಆಲೂಗಡ್ಡೆ, ಎಲೆಕೋಸು ಬಡಿಸಿ ಕಾದಿದ್ದಳು.

"ತಣ್ಣಗಾಗ್ತಿದೆ ಮಾವ, ಕೂತ್ಕೊಳ್ಳಿ."

"ವಿನ್ನಿ, ನಾವು ಫ್ರೆಂಚರು."

"ಆಗ್ಲಿ. ಎಲೆಕೋಸಿಗೆ ಉಪ್ಪು ಸಾಲದಿದ್ರೆ ಹಾಕ್ಕೊಳ್ಳಿ."

ಮಗ ಹೊರೇಸ್ ಬಾಯಲ್ಲಿ ಆಲೂಗಡ್ಡೆ ತುಂಬಿಕೊಂಡೇ ನಕ್ಕ. ಅವನು ಬೀಟ್ ಗೆಡ್ಡೆಯಿಂದ ಸಕ್ಕರೆ ಮಾಡುವ ಕಾರ್ಖಾನೆಯಲ್ಲಿ ಗಾಡಿಯಿಂದ ಗೆಡ್ಡೆ ಇಳಿಸುವ ಕೆಲಸದವನು. ಆದರೆ ಹಾಗೆಂದವರು ಮೇಜರ್ ಸಾಹೇಬರು ಎಂದು ಅಪ್ಪ ಹೇಳಿದ್ದೇ ಅವನ ನಗು ನಿಂತಿತು. ಮೇಜರ್ ಸಾಹೇಬರು ಮನೆಯ ಜೊತೆಗೆ ಸುತ್ತಲಿನ ಹೊಲವನ್ನೂ ಕೊಂಡಿದ್ದರು, ಆಳುಗಳ ಮೇಲೆ ಒಬ್ಬ ಮೇಸ್ತ್ರಿ ಬೇಕು ಎಂದು ಊರಲ್ಲಿ ಸುದ್ದಿ ಇತ್ತು. ಹೊರೇಸ್ ನಿಧಾನವಾಗಿ ಅಗಿದು ನುಂಗಿ, "ಹೌದಾ ಅಪ್ಪ? ಅವರಾಗೇ ಹೇಳಿದ್ರಾ?" ಎಂದು ಕೇಳಿದ. ಗಂಡನ ಮುಖ ನೋಡಿದ ವಿನ್ನಿಗೆ ಮುಂದಿನದರ ವಾಸನೆ ಆಗಲೇ ಬಂತು.

ಹದಿನೈದು ದಿನ ಕಳೆಯುವಷ್ಟರಲ್ಲಿ ಲಂಡನ್ನಿನಿಂದ ಪಾರ್ಸೆಲ್ ಬಂತು. ಪೇಪರಿನ ಜಾಹೀರಾತು ನೋಡಿ ಎನೋಕ್ ತರಿಸಿಕೊಂಡಿದ್ದ, ಮನೆತನದ ಲಾಂಛನವಿರುವ ಮರದ ಗುರಾಣಿ ಅದು. ಕೆಂಪು ಬಣ್ಣ, ಚಿನ್ನದ ಬಣ್ಣದ ಪಟ್ಟೆ, ಕೆಳಗೆ ಬೆಲಮಿ ಎಂಬ ಹೆಸರು. ಯಾವ ಹೆಸರು ಬರೆದು ಕಳಿಸಿದರೂ ಹಾಗೊಂದು ಗುರಾಣಿ ಮಾಡಿಕೊಡುವ ಅಂಗಡಿ. ಅದನ್ನು ಒಲೆಯ ಮೇಲಿನ ಗೋಡೆಗೇ ಹಾಕಬೇಕೆಂದು ಹಟ ಹಿಡಿದ. ಆ ಜಾಗದಲ್ಲಿ ಸತ್ತುಹೋದ ಅವನ ಹೆಂಡತಿ ಹೆಟ್ಟಿಯ ಫೋಟೋ ಇತ್ತು. ಮೊಳೆ ಒಂದೇ ಇದ್ದದ್ದರಿಂದ ಫೋಟೋ ಇಳಿಸಿ, ಗುರಾಣಿ ತೂಗುಹಾಕಿ, ಹಿಂದೆ ಸರಿದು ತಲೆ ವಾಲಿಸಿ ನೋಡಿದ.

ಆ ಫೋಟೋ ವಿನ್ನಿಗೆ ಸಿಕ್ಕಿದ್ದು ಮೆಟ್ಟಿಲ ಕೆಳಗೆ ಆಲೂಗಡ್ಡೆ ಬುಟ್ಟಿಯಲ್ಲಿ. ಗಾಜಿನ ಮೇಲೆ ಮಣ್ಣು. ಅತ್ತೆ ಈ ಮನುಷ್ಯನ ಕೆಸರು ಬಟ್ಟೆಯನ್ನು ನಲವತ್ತು ವರ್ಷ ಒಗೆದವಳು. ವಿನ್ನಿ ಏಪ್ರನ್ನಿನಿಂದ ಗಾಜು ಒರೆಸಿ ತನ್ನ ಕೋಣೆಗೆ ಒಯ್ದಿಟ್ಟಳು. ಅಂದಿನಿಂದ ಮಾವನ ಗಂಟಲಿನ ಸದ್ದು ಕೇಳಿದರೂ ಅವಳಿಗೆ ಹೇಸಿಗೆಯಾಗತೊಡಗಿತು.

ಹುಚ್ಚು ಗುರಾಣಿಗೆ ನಿಲ್ಲಲಿಲ್ಲ. ದೊಡ್ಡವರು ಸಂಜೆಯ ಮೇಲೆ ದೊಡ್ಡ ಊಟ ಮಾಡುತ್ತಾರೆಂದು ಮಧ್ಯಾಹ್ನದ ಬಿಸಿ ಊಟ ಸಂಜೆಗೆ ಹೋಯಿತು. ಆದರೆ ಮಧ್ಯಾಹ್ನವೂ ಹಸಿವಾಗುತ್ತಿದ್ದ ಕಾರಣ ಅಡಿಗೆ ಎರಡು ಹೊತ್ತೂ ಆಗಬೇಕಾಯಿತು. ತೊಡೆಯ ಮೇಲೆ ಹಾಸಿಕೊಳ್ಳಲು ಬಿಳಿ ವಸ್ತ್ರ ಬೇಕೆಂದ. ವಿನ್ನಿ ಹಳೆಯ ಹಾಸುಬಟ್ಟೆ ಹರಿದು ಅಂಚು ಹೊಲಿದು ಕೊಟ್ಟಳು. ಅದರಲ್ಲಿ ಅವನು ಮೊದಲು ಮೀಸೆಯ ಸಾರು ಒರೆಸಿಕೊಳ್ಳುವನು, ಆಮೇಲೆ ಸಿಂಬಳ ಸೀಟುವನು, ಕೊನೆಗೆ ಅದನ್ನು ಮಡಿಸಿ ಬ್ರೆಡ್ಡಿನ ಪಕ್ಕ ಇಡುವನು. ಒಗೆಯುವವಳು ವಿನ್ನಿ.

"ರಾಜನ ಕಡೆಯೋರು ಸಿಂಬಳ ಸೀಟೋದು ಇದರಲ್ಲೇನಾ ಮಾವ?"

"ನಿಂಗೆ ತಿಳಿಯಲ್ಲ ಬಿಡು. ನೀನು ಮದುವೆಯಾಗಿ ಬೆಲಮಿ ಆದೋಳು. ರಕ್ತದಲ್ಲಿ ಬಂದೋಳಲ್ಲ."

"ರಕ್ತದಲ್ಲಿ ಬಂದೋರೇ ಒಂದ್ಸಲ ಒಗೀರಿ ಹಂಗಾದ್ರೆ."

ಇವೆಲ್ಲ ಒಂದು ಮನೆಯೊಳಗಿನ ತಮಾಷೆಯಾಗಿಯೇ ಉಳಿಯಬಹುದಿತ್ತು, ವಿನ್ನಿಯ ಮಗಳು ಮ್ಯಾವಿಸಳ ಮದುವೆ ನಿಗದಿಯಾಗಿರದಿದ್ದರೆ.

ಹುಡುಗ ಪಕ್ಕದ ಮನೆಯವನು, ರೆಗ್ ಗ್ರಮಿಟ್. ಎರಡು ಮನೆಗಳಿಗೂ ನಡುವೆ ಒಂದೇ ಗೋಡೆ, ಹಿತ್ತಲಿಗೆ ಒಂದೇ ಬೋರಿಂಗು. ರೆಗ್‌ನ ಅಪ್ಪ ಆರ್ಥರ್ ಊರಿಗೆಲ್ಲ ಹಂದಿ ಕಡಿದುಕೊಡುವವನು. ಚಳಿಗಾಲದಲ್ಲಿ ಮನೆಮನೆಗೆ ಹೋಗಿ, ಪ್ರಾಣಿಗೆ ಗೊತ್ತಾಗುವ ಮುಂಚೆಯೇ ಕೆಲಸ ಮುಗಿಸುವ ಕೈ ಅವನದು. ಅವನ ಹೆಂಡತಿ ಎಲ್ಸಿ ಮತ್ತು ವಿನ್ನಿ ಮದುವೆಯಾಗಿ ಬಂದ ವರ್ಷದಿಂದಲೂ ಒಂದೇ ತೊಟ್ಟಿಯಲ್ಲಿ ಕೈಯಿಟ್ಟು ಎರಡೂ ಮನೆಯ ಹಂದಿಗಳ ಕರುಳು ತೊಳೆದವರು. ರೆಗ್‌ಗೆ ಕಾಲುವೆಯ ನೀರೆತ್ತುವ ಇಂಜಿನ್ ಮನೆಯಲ್ಲಿ ಕೆಲಸ ಸಿಕ್ಕಿತ್ತು, ಜೊತೆಗೆ ಇರಲು ಮನೆ. ಮದುವೆಯಾದವನಿಗೆ ಮಾತ್ರ ಆ ಮನೆ. ಹೊಸ ವರ್ಷದೊಳಗೆ ಮದುವೆಯಾಗದಿದ್ದರೆ ಬೇರೆಯವರಿಗೆ ಕೊಡುತ್ತಿದ್ದರು. ಡಿಸೆಂಬರಿನಲ್ಲಿ ಮದುವೆ, ಈ ವರ್ಷದ ಹಂದಿ ಮದುವೆಯೂಟಕ್ಕೆ ಎಂದು ಬೇಸಿಗೆಯಲ್ಲೇ ಮಾತಾಗಿತ್ತು. ಮ್ಯಾವಿಸ್‌ಗೆ ಇಪ್ಪತ್ತೊಂದು ತುಂಬಿರಲಿಲ್ಲವಾದ್ದರಿಂದ ಕಾನೂನಿಗೆ ಅಪ್ಪನ ಒಪ್ಪಿಗೆ ಬೇಕಿತ್ತು. ಹೊರೇಸ್ ಆಗ ಖುಷಿಯಿಂದಲೇ ಒಪ್ಪಿದ್ದ.

ಒಂದು ಸಂಜೆ ಮ್ಯಾವಿಸ್ ಅಂಚೆ ಕಚೇರಿಯ ಕೆಲಸ ಮುಗಿಸಿ ನಗುತ್ತ ಬಂದಳು. ಸ್ಟಾಂಪು ಕೊಳ್ಳಲು ಬಂದಿದ್ದ ಶಾಲೆಯ ಥರ್ಕೆಲ್ ಟೀಚರ್ ಹತ್ತಿರ ಹೆಸರಿನ ವಿಷಯ ಕೇಳಿ ಬಂದಿದ್ದಳು.

"ತಾತ, ನಮ್ಮ ಹೆಸರು ಫ್ರೆಂಚ್‌ದು ಅನ್ನೋದು ನಿಜವಂತೆ."

ಎನೋಕ್ ಚಮಚ ಕೆಳಗಿಟ್ಟ. "ನಾನು ಹೇಳ್ಲಿಲ್ವಾ?"

"ಹಳೇ ಫ್ರೆಂಚಲ್ಲಿ ಒಳ್ಳೇ ಗೆಳೆಯ ಅಂತ ಅರ್ಥವಂತೆ. ಊರಲ್ಲಿ ಯಾರಾದ್ರೂ ಎಲ್ಲರಿಗೂ ಬೇಕಾದೋನಾಗಿದ್ರೆ ಹಂಗೆ ಕರೀತಿದ್ರಂತೆ, ಅಡ್ಡಹೆಸರಿದ್ದಂಗೆ. ಜಮೀನ್ದಾರನಿಗೂ ಇತ್ತು, ಹೊಲದ ಆಳಿಗೂ ಇತ್ತು ಅಂದ್ರು. ಹೆಸರು ಒಂದೇ ಅಂದ್ರೆ ಮನೆತನ ಒಂದೇ ಅಂತೇನಿಲ್ವಂತೆ. ಜಗಳದಲ್ಲಿ ಹೀಯಾಳಿಸೋಕೂ ಹಂಗೇ ಅಂತಿದ್ರಂತೆ, ‘ಬಾರಪ್ಪಾ ಗೆಳೆಯಾ, ನೋಡ್ಕೋತೀನಿ’ ಅಂತಾರಲ್ಲ, ಹಂಗೆ."

ವಿನ್ನಿಗೆ ನಗು ಬಂತು. ಎನೋಕ್ ನಗಲಿಲ್ಲ. ಗುರಾಣಿಯ ಕಡೆ ನೋಡಿದ, ಒಲೆಯ ಕಡೆ ನೋಡಿದ, ಆಮೇಲೆ ಅವನ ಮುಖ ಅರಳಿತು.

"ಗೆಳೆಯ ಅಂದ್ರೆ ಯಾರ ಗೆಳೆಯ? ಸುಮ್ನೆ ಗೆಳೆಯ ಅಂತ ಇರ್ತಾರಾ ಯಾರಾದ್ರೂ? ಹಡಗಲ್ಲಿ ಯಾರ ಜೊತೆ ಬಂದ್ರು? ರಾಜನ ಜೊತೆ. ಅಂದ್ಮೇಲೆ ರಾಜನ ಗೆಳೆಯ!"

"ಟೀಚರ್ ಹಂಗನ್ಲಿಲ್ಲ ತಾತ."

"ಟೀಚರಿಗೇನು ಗೊತ್ತು? ಅವಳ ಹೆಸರು ಥರ್ಕೆಲ್."

"ರಾಜನ ಗೆಳೆಯರು ಬೂಟು ಬಾಗಿಲಾಚೆ ಬಿಟ್ಟು ಬಂದಿದ್ರೆ ನಂಗೆ ಇನ್ನೊಂದ್ಸಲ ನೆಲ ಒರೆಸೋದು ತಪ್ತಿತ್ತು" ಎಂದಳು ವಿನ್ನಿ. ಹೊರೇಸ್ ಮಾತ್ರ ಅಪ್ಪನ ಮಾತಿಗೆ ತಲೆದೂಗುತ್ತ ಕೂತಿದ್ದ. ಗಂಡ ಪೆದ್ದನಾಗಿದ್ದರೆ ಸಹಿಸಬಹುದಿತ್ತು. ಅವನು ಪೆದ್ದನಲ್ಲ, ಲೆಕ್ಕ ಹಾಕುತ್ತಿದ್ದಾನೆ ಎಂಬುದು ಅವಳಿಗೆ ಕಾಣುತ್ತಿತ್ತು.

ಮುಂದಿನ ಭಾನುವಾರ ರೆಗ್ ಎಂದಿನಂತೆ ಟೀ ಹೊತ್ತಿಗೆ ಬಂದ. ತಲೆ ಬಾಚಿಕೊಂಡಿದ್ದ, ಕೈಯಲ್ಲಿ ಅವನಮ್ಮ ಮಾಡಿದ ಪ್ಲಮ್ ಬ್ರೆಡ್ಡು. ವಿನ್ನಿ ಕಪ್ಪಿಗೆ ಟೀ ಬಗ್ಗಿಸುವಾಗಲೇ ಎನೋಕ್ ಶುರು ಮಾಡಿದ.

"ಗ್ರಮಿಟ್ ಅನ್ನೋ ಹೆಸರು ಎಲ್ಲಿಂದ ಬಂತಪ್ಪ ನಿಮಗೆ?"

"ನಮ್ಮಪ್ಪನಿಂದ."

"ಅವನಿಗೆ?"

"ಅವರಪ್ಪನಿಂದ. ಅದರಾಚೆ ನಾವು ಕೇಳೋಕೆ ಹೋಗಿಲ್ಲ ತಾತ."

"ಅದೇ ನೋಡು. ಗೊತ್ತಿಲ್ಲ. ಚಾಕು ಹಿಡ್ಕೊಂಡು ಮನೆಮನೆ ತಿರುಗಿ ಹಂದಿ ಕಡಿಯೋನ ಮಗನಿಗೆ ಬೆಲಮಿ ಮನೆ ಹುಡುಗೀನ ಕೊಟ್ರೆ ಮೇಜರ್ ಸಾಹೇಬರು ಏನಂದ್ಕೋತಾರೆ? ನಾಳೆ ಅವರನ್ನ ಊಟಕ್ಕೆ ಕರೀಬೇಕಾಗುತ್ತೆ."

"ತಾತಾ!" ಎಂದಳು ಮ್ಯಾವಿಸ್.

ರೆಗ್ ಕಪ್ಪನ್ನು ಸದ್ದಾಗದಂತೆ ಕೆಳಗಿಟ್ಟು ಹೊರೇಸನ ಕಡೆ ನೋಡಿದ. ಹೊರೇಸ್ ಬ್ರೆಡ್ಡಿಗೆ ಬೆಣ್ಣೆ ಸವರುತ್ತಲೇ ಇದ್ದ, ಅಂಚಿನಿಂದ ಅಂಚಿಗೆ, ಗೋಡೆಗೆ ಸುಣ್ಣ ಬಳಿಯುವವನಂತೆ.

"ಸ್ವಲ್ಪ ದಿನ ಹೋಗ್ಲಿ ರೆಗ್. ಏನವಸರ."

"ಅವಸರ ಇದೆ ಅಂತ ನಿಮಗೆ ಗೊತ್ತು. ಮನೆ ಕೈಬಿಟ್ಟು ಹೋಗುತ್ತೆ."

"ವಸಂತಕ್ಕೆ ಅವಳಿಗೆ ಇಪ್ಪತ್ತೊಂದು ತುಂಬುತ್ತೆ. ಆಮೇಲೆ ನಿಮ್ಮಿಷ್ಟ. ಈಗ ನಾನು ಹೂಂ ಅನ್ನಲ್ಲ."

ರೆಗ್ ಎದ್ದ. "ಟೀಗೆ ಥ್ಯಾಂಕ್ಸ್ ಅತ್ತೆ" ಎಂದು ವಿನ್ನಿಗೆ ಮಾತ್ರ ಹೇಳಿ ಹೊರಟುಹೋದ. ಪ್ಲಮ್ ಬ್ರೆಡ್ಡು ಮೇಜಿನ ಮೇಲೇ ಇತ್ತು. ಎನೋಕ್ ಅದರಲ್ಲಿ ದೊಡ್ಡ ಹೋಳು ಕುಯ್ದು, ಬೆಣ್ಣೆ ಹಚ್ಚಿಕೊಂಡು, ಕಣ್ಣು ಅರೆಮುಚ್ಚಿ ತಿಂದ. ಅದನ್ನು ನೋಡಲಾಗದೆ ವಿನ್ನಿ ಹಿತ್ತಲಿಗೆ ಹೋಗಿ ನಿಂತಳು.

ಗಂಡ ಹಿಂದೆಯೇ ಬಂದ.

"ಕೋಪ ಮಾಡ್ಕೋಬೇಡ್ವೇ. ಮೇಸ್ತ್ರಿ ಕೆಲಸ ಸಿಕ್ರೆ ಎಲ್ಲರಿಗೂ ಒಳ್ಳೇದು. ಹಂದಿ ಕಡಿಯೋನು ನಿಂಗೇನಾಗ್ಬೇಕು ಅಂತ ಮೇಜರ್ ಕೇಳಿದ್ರೆ ಬೀಗ ಅನ್ಲಾ?"

"ನಿನ್ನ ಮೇಜರ್ ನಿನ್ನ ಹೆಸರಾದ್ರೂ ಕೇಳಿದಾನಾ ಇನ್ನೂ?"

"ಕೇಳ್ತಾರೆ. ಅಪ್ಪನ ಭುಜ ತಟ್ಟಿದ್ರಂತಲ್ಲ."

"ಭುಜ ತಟ್ಟಿದ್ದಕ್ಕೆ ಮಗಳನ್ನ ಮಾರಿದ್ಯಲ್ಲೋ ಹೊರೇಸ್. ಬೇರೆಯೋರು ಕಾಸಿಗಾದ್ರೂ ಮಾರ್ತಾರೆ. ನಿನ್ನ ನೋಡಿದ್ರೆ ನಂಗೆ ಅಸಹ್ಯ ಆಗ್ತಿದೆ, ಒಳಗೆ ಹೋಗು."

ಅವನು ಹೋದ. ಬೋರಿಂಗಿನ ಆಚೆ ಎಲ್ಸಿ ಬಕೆಟ್ಟು ಹಿಡಿದು ನಿಂತಿದ್ದವಳು, ವಿನ್ನಿಯ ಮುಖ ನೋಡಿ, ನೀರು ಹಿಡಿಯದೆಯೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಷ್ಟು ವರ್ಷದಲ್ಲಿ ಹಾಗಾದದ್ದು ಅದೇ ಮೊದಲು.

ಆಮೇಲಿನ ವಾರಗಳಲ್ಲಿ ಮನೆಯಲ್ಲಿ ಪಾತ್ರೆಗಳ ಸದ್ದು ಬಿಟ್ಟರೆ ಹೆಚ್ಚು ಸದ್ದಿರಲಿಲ್ಲ. ಮ್ಯಾವಿಸ್ ತಾತನಿಗೆ ಉಪ್ಪಿನ ಬಟ್ಟಲು ಕೂಡ ಸರಿಸುತ್ತಿರಲಿಲ್ಲ. ರೆಗ್ ಬೇಲಿಯಾಚೆಯಿಂದ ಅವಳ ಜೊತೆ ಮಾತಾಡುತ್ತಿದ್ದ, ಆದರೆ ಒಳಗೆ ಕಾಲಿಡುತ್ತಿರಲಿಲ್ಲ. ನವೆಂಬರಿನ ಚಳಿ ಸರಿಯಾಗಿ ಹಿಡಿದು, ಚಂದ್ರ ಬೆಳೆಯುವ ಪಕ್ಷ ಬಂದಾಗ ಹಂದಿ ಕಡಿಯುವ ಹೊತ್ತಾಯಿತು. ಚಂದ್ರ ಕರಗುವಾಗ ಕಡಿದರೆ ಬಾಣಲೆಯಲ್ಲಿ ಮಾಂಸವೂ ಕರಗುತ್ತದೆಂದು ಆ ಸೀಮೆಯ ನಂಬಿಕೆ.

ಆರ್ಥರ್ ಗ್ರಮಿಟ್‌ನನ್ನು ಕರೆಯಬಾರದೆಂದು ಎನೋಕ್ ಅಪ್ಪಣೆ ಮಾಡಿದ. ಪೇಟೆಯಿಂದ ಒಬ್ಬ ಕಟುಕ ವ್ಯಾನಿನಲ್ಲಿ ಬಂದ. ಬಿಳಿ ಕೋಟು ತೊಟ್ಟಿದ್ದ, ಕೈ ಮಾತ್ರ ಸರಿಯಿರಲಿಲ್ಲ. ಹಂದಿ ಬಹಳ ಹೊತ್ತು ಕಿರುಚಿತು. ಗೋಡೆಯಾಚೆ ಆರ್ಥರ್ ಅದನ್ನು ಕೇಳಿಸಿಕೊಂಡು ಕೂತಿರುತ್ತಾನೆಂದು ವಿನ್ನಿಗೆ ಗೊತ್ತಿತ್ತು. ಕಟುಕ ಬಿಸಿನೀರು ಸುರಿದು ಕೂದಲು ಕೆರೆದು, ಅಡ್ಡಾದಿಡ್ಡಿ ಸೀಳಿ, ದುಡ್ಡು ಎಣಿಸಿಕೊಂಡು ಹೊರಟ. ಉಳಿದದ್ದೆಲ್ಲ ಹೆಂಗಸರ ಪಾಲು: ತೊಟ್ಟಿ ತುಂಬ ಕರುಳು, ಕರಗಿಸಬೇಕಾದ ಕೊಬ್ಬು, ಕುದಿಸಬೇಕಾದ ತಲೆ, ಉಪ್ಪು ತಿಕ್ಕಬೇಕಾದ ತೊಡೆ ಮತ್ತು ಪಕ್ಕೆ. ಎರಡು ಮನೆಯ ನಾಲ್ಕು ಕೈ ಮಾಡುತ್ತಿದ್ದ ಕೆಲಸ.

ಅದಕ್ಕಿಂತ ಮೊದಲು ತಟ್ಟೆ ಕಳಿಸಬೇಕಿತ್ತು. ಹಂದಿ ಕಡಿದ ದಿನ ಗುಂಡಿಗೆ, ಲಿವರು, ಕಿಡ್ನಿಯ ತುಂಡುಗಳು, ಒಂದಿಷ್ಟು ಎಳೆಯ ಮಾಂಸ ತಟ್ಟೆಯಲ್ಲಿಟ್ಟು, ಬಲೆಯಂಥ ಕೊಬ್ಬಿನ ಪೊರೆ ಹೊದಿಸಿ ನೆರೆಯವರಿಗೆ ಕಳಿಸುವುದು ಅಲ್ಲಿನ ರೂಢಿ. ಅವರ ಹಂದಿ ಕಡಿದಾಗ ಅವರೂ ಕಳಿಸುತ್ತಾರೆ. ತಟ್ಟೆಯನ್ನು ಮಾತ್ರ ತೊಳೆಯದೆ, ರಕ್ತ ಜಿಡ್ಡು ಇದ್ದ ಹಾಗೆಯೇ ವಾಪಸು ಕೊಡಬೇಕು. ತೊಳೆದು ಕೊಟ್ಟರೆ ಮಾಂಸಕ್ಕೆ ಉಪ್ಪು ಹಿಡಿಯದೆ ಕೆಟ್ಟುಹೋಗುತ್ತದೆ ಎನ್ನುತ್ತಾರೆ. ತೊಳೆದ ತಟ್ಟೆ ಕಳಿಸಿದವರು ಕೇಡು ಬಯಸಿದರೆಂದೇ ಅರ್ಥ.

"ಮೊದಲ ತಟ್ಟೆ ಮೇಜರ್ ಮನೆಗೆ" ಎಂದ ಎನೋಕ್. "ನೆಂಟರು. ಆ ನೀಲಿ ಅಂಚಿಂದು ತಗೋ."

ನೀಲಿ ಅಂಚಿನ ತಟ್ಟೆಗಳು ವಿನ್ನಿಯ ಮದುವೆಗೆ ಅವಳ ತಾಯಿ ಕೊಟ್ಟವು. ಈಗ ಎರಡೇ ಉಳಿದಿದ್ದವು.

"ಪಕ್ಕದ ಮನೆಗೆ?"

"ಬೇಡ. ಬಿದ್ದುಹೋಗ್ಲಿ ಆ ಬಳಕೆ."

ವಿನ್ನಿ ಎರಡೂ ತಟ್ಟೆ ಇಳಿಸಿದಳು, ಎರಡನ್ನೂ ತುಂಬಿದಳು. ಒಂದನ್ನು ಹಿತ್ತಲ ಬಾಗಿಲಿಂದ ಮ್ಯಾವಿಸ್ ಕೈಯಲ್ಲಿ ಎಲ್ಸಿಗೆ ಕಳಿಸಿ, ಇನ್ನೊಂದನ್ನು ಬಟ್ಟೆ ಮುಚ್ಚಿಕೊಂಡು ತಾನೇ ದೊಡ್ಡ ಮನೆಗೆ ಹೊರಟಳು. ಹೊರೇಸ್ ಬಾಗಿಲವರೆಗೂ ಬಂದು, "ಮೇಸ್ತ್ರಿ ವಿಷಯ ಏನಾದ್ರೂ ಕಿವಿಗೆ ಬಿದ್ರೆ..." ಎಂದ. ಅವಳು ತಿರುಗಿ ನೋಡಲಿಲ್ಲ.

ದೊಡ್ಡ ಮನೆಯ ಅಡುಗೆಯವಳು ಬಟ್ಟೆ ಎತ್ತಿ ನೋಡಿ, "ಅಯ್ಯೋ, ಇರಮ್ಮ, ಒಳಗೆ ಕೇಳ್ತೀನಿ" ಎಂದು ಹೋದಳು. ವಿನ್ನಿ ಹಿಂಬಾಗಿಲ ಮೆಟ್ಟಿಲಲ್ಲಿ ನಿಂತಳು. ಕಿಟಕಿ ತೆರೆದಿತ್ತು.

"ಏನದು? ಥೂ, ಹಸಿ ಮಾಂಸ! ಯಾರು ತಂದಿದ್ದು?" ಹೆಂಗಸಿನ ದನಿ.

"ಬೆಲಮಿ ಅಂತೆ ಅಮ್ಮಾವ್ರೇ, ಹಳ್ಳಿಯೋರು."

ಮೇಜರ್ ದನಿ ನಕ್ಕಿತು. "ಓ, ಅವನಾ! ಚರ್ಚಿನಲ್ಲಿ ಸಿಕ್ಕಿದ್ದ. ನಮ್ಮ ದಾಯಾದಿ ಕಣೇ ಅವನು. ಒಂದು ಮಾತು ತಮಾಷೆಗಂದ್ರೆ ಕರುಳು ಕಳಿಸಿದಾನಲ್ಲ!"

"ನಾಯಿಗೆ ಹಾಕು" ಎಂದಿತು ಹೆಂಗಸಿನ ದನಿ.

ಅಡುಗೆಯವಳು ತಟ್ಟೆಯನ್ನು ಅಂಗಳಕ್ಕೆ ತಂದು ಹಾಗೆಯೇ ನೆಲದ ಮೇಲಿಟ್ಟಳು. ಉದ್ದ ಕಿವಿಯ ಎರಡು ನಾಯಿಗಳು ಗುಂಡಿಗೆ, ಲಿವರು, ಪೊರೆ ಎಲ್ಲವನ್ನೂ ಕಿತ್ತು ನುಂಗಿ, ಜೊಲ್ಲು ಸುರಿಸಿಕೊಂಡು ತಟ್ಟೆಯನ್ನು ನೆಕ್ಕಿದವು. ನೀಲಿ ಅಂಚಿನ ಸುತ್ತಲೂ ನಾಲಿಗೆ ಹೊರಳಿತು. ಅಡುಗೆಯವಳಿಗೆ ನಾಚಿಕೆಯಾಗಿರಬೇಕು, ತಟ್ಟೆ ಎತ್ತಿಕೊಂಡು ನಲ್ಲಿಯತ್ತ ಹೊರಟಳು.

"ತೊಳೀಬೇಡಮ್ಮ" ಎಂದಳು ವಿನ್ನಿ. "ಹಂಗೇ ಕೊಡು. ನಮ್ಮಲ್ಲಿ ತೊಳೆದ ತಟ್ಟೆ ತಗೊಳ್ಳಲ್ಲ."

ಮನೆಗೆ ಬಂದಾಗ ಮ್ಯಾವಿಸ್ ಕರುಳಿನ ತೊಟ್ಟಿಯ ಪಕ್ಕ ನಿಂತು ಅಳುತ್ತಿದ್ದಳು. ಮೇಜಿನ ಮೇಲೆ ಇನ್ನೊಂದು ನೀಲಿ ಅಂಚಿನ ತಟ್ಟೆ. ಎಲ್ಸಿ ಮಾಂಸ ಇಳಿಸಿಕೊಂಡು ಅದನ್ನು ಆಗಲೇ ವಾಪಸು ಕೊಟ್ಟಿದ್ದಳು. ಸೋಡ ಹಾಕಿ ತೊಳೆದು, ಒರೆಸಿ, ಮುಖ ಕಾಣುವಷ್ಟು ಬೆಳಗಿ.

ವಿನ್ನಿ ತನ್ನ ಕೈಯಲ್ಲಿದ್ದುದನ್ನು ಅದರ ಪಕ್ಕದಲ್ಲಿಟ್ಟಳು. ಎನೋಕ್ ಕುರ್ಚಿಯಿಂದ ಕತ್ತು ಚಾಚಿದ.

"ನೋಡ್ದೆಯಾ! ಪಕ್ಕದೋರು ತೊಳೆದು ಕಳಿಸಿದ್ರು, ಹೊಟ್ಟೆಕಿಚ್ಚು. ಮೇಜರ್ ಮನೆಯೋರು ತೊಳೆದಿಲ್ಲ. ರೂಢಿ ಬಲ್ಲೋರು. ರಕ್ತ ಅಂದ್ರೆ ಇದು!"

"ನಾಯಿ ನೆಕ್ಕಿದ್ದು ಮಾವ."

"ಏನಂದೆ?"

"ನೀವು ಕಳಿಸಿದ್ದನ್ನ ಅಂಗಳದಲ್ಲಿಟ್ಟು ನಾಯಿಗೆ ಹಾಕಿದ್ರು. ಈ ತಟ್ಟೇಲೇ. ನಾನು ನೋಡ್ತಾ ನಿಂತಿದ್ದೆ. ಒಳಗೆ ಮೇಜರ್ ನಗ್ತಿದ್ದ, ತಮಾಷೆಗೆ ಒಂದು ಮಾತಂದ್ರೆ ಕರುಳು ಕಳಿಸಿದಾನೆ ಅಂತ."

ಒಲೆಯ ಮೇಲಿನ ಕೊಬ್ಬು ಚಿಟಪಟ ಎನ್ನುತ್ತಿತ್ತು. ಈಗಲಾದರೂ ಈ ಮನುಷ್ಯನಿಗೆ ನಾಚಿಕೆಯಾಗುತ್ತದೆ, ಎದ್ದು ಆ ಗುರಾಣಿ ಇಳಿಸುತ್ತಾನೆ ಎಂದು ವಿನ್ನಿ ಕಾದಳು. ಎನೋಕ್ ಮೀಸೆ ಸವರಿಕೊಂಡ.

"ಎಂಥಾ ನಾಯಿಗಳು?"

"ಏನು?"

"ಅಲ್ಲ, ಬೇಟೆ ನಾಯಿಗಳಾ? ಜಾತಿ ನಾಯಿಗಳೇ ಇರ್ಬೇಕು. ಅವಕ್ಕೆ ಸಿಕ್ಕಿದ್ದೆಲ್ಲ ಹಾಕಲ್ಲ. ಮಾಂಸ ಒಳ್ಳೇದಿತ್ತು ಅಂತ್ಲೇ ಹಾಕಿದಾರೆ."

"ಯಾರಿಗೂ ಹೇಳ್ಬೇಡ ವಿನ್ನಿ" ಎಂದ ಹೊರೇಸ್ ತಗ್ಗಿದ ದನಿಯಲ್ಲಿ. "ಮೇಸ್ತ್ರಿ ವಿಷಯ ಇನ್ನೂ ತೀರ್ಮಾನ ಆಗಿಲ್ಲ."

ವಿನ್ನಿ ಇಬ್ಬರನ್ನೂ ನೋಡಿದಳು. ಬೆಳಗಿನಿಂದ ರಕ್ತ, ಮಲ, ಕೂದಲಿನ ನಡುವೆ ಕೆಲಸ ಮಾಡಿದ್ದ ಅವಳಿಗೆ ತೊಟ್ಟಿಯಲ್ಲಿದ್ದುದು ಇವರಿಗಿಂತ ಎಷ್ಟೋ ಶುಭ್ರವೆನಿಸಿತು. ಒದ್ದೆ ಏಪ್ರನ್ ಬಿಚ್ಚಿ ಗುರಾಣಿಯ ಮೇಲೆ ನೇತುಹಾಕಿದಳು. ನಾಯಿ ನೆಕ್ಕಿದ ತಟ್ಟೆಯನ್ನು ಹಾಗೆಯೇ ಕಪಾಟಿನಲ್ಲಿಟ್ಟಳು. ತೊಳೆದು ಬಂದ ತಟ್ಟೆಗೆ ಪಕ್ಕೆಯ ಮಾಂಸ ತುಂಬಿ, ಮಗಳ ಕೈ ಹಿಡಿದಳು.

"ಎಲ್ಲಿಗೆ?" ಎಂದ ಹೊರೇಸ್. "ಕರುಳು ಹಂಗೇ ಇದೆ. ಉಪ್ಪು ಯಾರು ತಿಕ್ತಾರೆ?"

"ರಾಜನ ಗೆಳೆಯರು ಇಬ್ಬರಿದೀರಲ್ಲ. ತೊಳೀರಿ. ತಿಕ್ಕಿ."

ಎಲ್ಸಿ ಬಾಗಿಲನ್ನು ಅರ್ಧ ತೆರೆದಳು. ಒಳಗೆ ಆರ್ಥರ್ ಒಲೆಯ ಮುಂದೆ ಪೈಪು ಹಿಡಿದು ಕೂತಿದ್ದ. ಅವನ ಚಾಕುಗಳು ಎಣ್ಣೆ ಬಟ್ಟೆಯಲ್ಲಿ ಸುತ್ತಿಕೊಂಡು ಪಕ್ಕದಲ್ಲಿದ್ದವು.

"ತಟ್ಟೆ ತೊಳೆದು ಕಳಿಸಿದ್ಯಲ್ಲೇ ಎಲ್ಸಿ" ಎಂದಳು ವಿನ್ನಿ.

"ನಿಮ್ಮನೇಲಿ ರಾಜರ ಕಡೆಯೋರು ಇದಾರಂತೆ. ಕೊಳಕು ತಟ್ಟೆ ಕಳಿಸೋಕೆ ನಂಗೆ ಭಯ ಆಯ್ತಮ್ಮ."

"ನನ್ನ ಬೈದು ಬಿಡು."

"ಬೈಯೋಕೆ ಬಾಯಿ ಬರಲ್ಲ ನಂಗೆ. ನನ್ನ ಮಗ ಬ್ರೆಡ್ಡು ತಂದು ಕೊಟ್ಟ, ಬ್ರೆಡ್ಡು ಇಟ್ಕೊಂಡು ಅವನ್ನ ಕಳಿಸಿದ್ರಿ."

ವಿನ್ನಿ ನಾಯಿಯ ಕಥೆಯನ್ನು ಒಂದಕ್ಷರ ಬಿಡದೆ ಹೇಳಿದಳು, ಮಾವ ಕೇಳಿದ ಪ್ರಶ್ನೆಯನ್ನೂ. ಎಲ್ಸಿಯ ತುಟಿ ಅಲುಗಿತು. ನಗುವೋ ಅಳುವೋ ತಿಳಿಯದ ಹಾಗೆ ಮುಖ ಮಾಡಿಕೊಂಡು, "ಒಳಗೆ ಬಾ, ಚಳಿ ನುಗ್ತಿದೆ" ಎಂದಳು. ಬಂದ ತಟ್ಟೆಯ ಮಾಂಸವನ್ನು ತನ್ನ ಪಾತ್ರೆಗೆ ಸುರಿದು, ತಟ್ಟೆಯನ್ನು ಮೂಲೆಯಲ್ಲಿಟ್ಟಳು. ಮ್ಯಾವಿಸ್ ಮೂಗೆಳೆಯುತ್ತ ಅವಳ ಪಕ್ಕ ಕೂತಳು.

ಕತ್ತಲಾಗುವುದಕ್ಕೆ ಮುಂಚೆ ಹೊರೇಸ್ ಬಂದ. ತೋಳು ಮಡಿಚಿದ್ದ, ಮೊಣಕೈವರೆಗೂ ಗಬ್ಬು. ಮುಖ ಬಿಳಿಚಿತ್ತು.

"ವಿನ್ನಿ, ಕರುಳು ಒಂದು ಒಡೆದುಹೋಯ್ತು. ಮನೆಯೆಲ್ಲ... ಅಪ್ಪ ವಾಂತಿ ಮಾಡ್ಕೊಂಡ. ಮಾಂಸ ಹಂಗೇ ಬಿದ್ದಿದೆ."

"ಕೆಡ್ಲಿ."

"ಚಳಿಗಾಲವಿಡೀ ತಿನ್ನೋ ಮಾಂಸ ಕಣೆ!"

"ಮದುವೆಗೆ ಅಂತ ಸಾಕಿದ ಹಂದಿ ಅದು. ಮದುವೆ ಇಲ್ಲ ಅಂದ್ಮೇಲೆ ಅದೂ ಯಾಕೆ? ಮೇಜರ್ ನಾಯಿಗಳಿಗೆ ಕಳಿಸು."

ಹೊರೇಸ್ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ಗಾಳಿಯಲ್ಲಿ ಹಿಡಿದುಕೊಂಡೇ ನಿಂತ. ಯಾರೂ ಕೂರು ಎನ್ನಲಿಲ್ಲ. ರೆಗ್ ಗೋಡೆಗೊರಗಿ ಅವನನ್ನೇ ನೋಡುತ್ತಿದ್ದ.

"ಮೇಸ್ತ್ರಿ ಕೆಲಸ ಪೇಟೆಯೋನಿಗೆ ಸಿಕ್ಕಿ ವಾರ ಆಯ್ತು" ಎಂದ ರೆಗ್. "ಇಂಜಿನ್ ಮನೇಲಿ ಎಲ್ಲರಿಗೂ ಗೊತ್ತು. ನಿಮಗೆ ಹೇಳೋಕೆ ಯಾರಿಗೂ ಮನಸ್ಸಾಗ್ಲಿಲ್ಲ."

ಹೊರೇಸ್ ತಲೆ ಕೆಳಗೆ ಹಾಕಿದ. "ನಾಳೆ ಪಾದ್ರಿಗಳ ಹತ್ರ ಹೋಗಿ ಒಪ್ಪಿಗೆ ಹೇಳ್ಬರ್ತೀನಿ" ಎಂದ.

ಕೆಲಸ ಕೈತಪ್ಪಿದ ಮೇಲೆ ಬಂದ ಒಪ್ಪಿಗೆ ಅದು. ಮಗಳ ಮುಖ ನೋಡಿ ಬಂದದ್ದಲ್ಲ ಎಂದು ವಿನ್ನಿಗೆ ಗೊತ್ತಿತ್ತು, ಅದಕ್ಕೂ ಅವಳಿಗೆ ಹೇಸಿಗೆಯಾಯಿತು. ಆದರೂ ಒಪ್ಪಿಗೆ ಒಪ್ಪಿಗೆಯೇ. ಆರ್ಥರ್ ಪೈಪನ್ನು ಒಲೆಗೆ ತಟ್ಟಿ, ಎಣ್ಣೆ ಬಟ್ಟೆಯ ಗಂಟು ಕಂಕುಳಲ್ಲಿಟ್ಟುಕೊಂಡು ಎದ್ದ.

"ಹಂದಿ ಏನು ತಪ್ಪು ಮಾಡಿದೆ" ಎಂದ. "ಬನ್ನಿ, ಉಪ್ಪು ಹಾಕೋಣ."

ಇಬ್ಬರು ಹೆಂಗಸರ ಕೆಲಸವನ್ನು ಅಂದು ಆರು ಜನ ಸೇರಿ ಮಾಡಿದರು. ಆರ್ಥರ್ ಕಟುಕನ ಅಡ್ಡಾದಿಡ್ಡಿ ಗಾಯಗಳನ್ನು ಚೊಕ್ಕಟ ಮಾಡಿ ತುಂಡು ಬೇರ್ಪಡಿಸಿದ. ಎಲ್ಸಿ, ವಿನ್ನಿ ಒಂದೇ ತೊಟ್ಟಿಯಲ್ಲಿ ಕೈಯಿಟ್ಟರು. ಎನೋಕ್ ಮೇಲಿನ ಕೋಣೆಯಿಂದ 'ಅಲ್ಲಿ ಯಾರದು?' ಎಂದು ಎರಡು ಸಲ ಕೂಗಿದ, ಇವರು ಉಪ್ಪು ತಿಕ್ಕುತ್ತಲೇ ಇದ್ದರು.

ಮರುದಿನ ಹೊರೇಸ್ ಪಾದ್ರಿಗಳ ಮನೆಗೆ ಹೋಗಿ ಬಂದ. ಮಧ್ಯಾಹ್ನ ವಿನ್ನಿ ಊಟಕ್ಕೆ ಕರೆದಳು. ದೊಡ್ಡ ಊಟ ಮತ್ತೆ ಮಧ್ಯಾಹ್ನಕ್ಕೇ ಬಂದಿತ್ತು. ಗುರಾಣಿಯ ಮೊಳೆಗೆ ಹೆಟ್ಟಿಯ ಫೋಟೋ ವಾಪಸಾಗಿತ್ತು. ಗುರಾಣಿ ಎಲ್ಲಿ ಎಂದು ಎನೋಕ್ ಕೇಳಲಿಲ್ಲ. ಕೇಳಿದ್ದರೆ ಆಲೂಗಡ್ಡೆ ಬುಟ್ಟಿಯಲ್ಲಿದೆ ಎಂದು ಹೇಳಲು ವಿನ್ನಿ ಸಿದ್ಧಳಿದ್ದಳು. ಅವಳು ಕಪಾಟಿನಿಂದ ನಿನ್ನೆ ಇಟ್ಟಂತೆಯೇ ಇದ್ದ ತಟ್ಟೆ ತೆಗೆದು, ಅದರಲ್ಲಿ ಹುರಿದ ಲಿವರು, ಈರುಳ್ಳಿ, ಆಲೂಗಡ್ಡೆ ಬಡಿಸಿ, ಮೇಲೆ ಬಿಸಿ ಸಾರು ಹುಯ್ದು ಮಾವನ ಮುಂದಿಟ್ಟಳು.

ಎನೋಕ್ ಫೋರ್ಕು ಎತ್ತಿದವನು ನೀಲಿ ಅಂಚು ನೋಡಿ ಕೈ ತಡೆದ.

"ಇದು ಯಾವ ತಟ್ಟೆ?"

"ಒಂದು ಎಲ್ಸಿ ಮನೇಲಿದೆ ಮಾವ. ಇನ್ನೂ ಕೊಟ್ಟಿಲ್ಲ."

ಮ್ಯಾವಿಸ್ ತಲೆ ಎತ್ತಿದಳು. ಹೊರೇಸ್ ತನ್ನ ತಟ್ಟೆಯನ್ನೇ ನೋಡುತ್ತ ಅಗಿಯುವುದನ್ನು ನಿಲ್ಲಿಸಿದ.

"ತೊಳೆದ್ಯಾ ಇದನ್ನ?"

"ತೊಳೆದ್ರೆ ಮಾಂಸಕ್ಕೆ ಉಪ್ಪು ಹಿಡಿಯಲ್ವಲ್ಲ."

ಎನೋಕ್ ಸೊಸೆಯ ಮುಖ ನೋಡಿದ, ಮಗನ ಮುಖ ನೋಡಿದ, ಗೋಡೆಯ ಮೇಲಿನ ಹೆಂಡತಿಯ ಮುಖ ನೋಡಿದ. ಹಿಂಬಾಗಿಲು ತಳ್ಳಿಕೊಂಡು ಎಲ್ಸಿ ಬಂದಳು. ಕೈಯಲ್ಲಿ ಇನ್ನೊಂದು ನೀಲಿ ಅಂಚಿನ ತಟ್ಟೆ, ಅದರ ತುಂಬ ರಕ್ತದ ಕಲೆ, ಅಂಚಿಗೆ ಜಿಡ್ಡಿನಲ್ಲಿ ಮೂಡಿದ ಅವಳ ಹೆಬ್ಬೆರಳು. ವಿನ್ನಿ ಎದ್ದು ಎರಡೂ ಕೈಯಿಂದ ಅದನ್ನು ತೆಗೆದುಕೊಂಡು ಕಪಾಟಿನಲ್ಲಿಟ್ಟಳು, ಬೆರಳಿಗೆ ಹತ್ತಿದ ಜಿಡ್ಡನ್ನು ಒರೆಸಿಕೊಳ್ಳಲಿಲ್ಲ. ಆಮೇಲೆ ಮಾವನ ಕಡೆ ತಿರುಗಿದಳು.

"ಜಾತಿ ನಾಯಿಗಳೇ ಮಾವ. ತಣ್ಣಗಾಗ್ತಿದೆ, ತಿನ್ನಿ."